ಆರು ಸೆಕೆಂಡಿನ ತಂತಿ

ವಾಸನೆಯಿಂದ ನೆನಪು ಉಕ್ಕಿ ಬಂತು ಎಂದು ಬರೆಯುವವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಮೂಗಿಗೆ ಅಷ್ಟು ಶಕ್ತಿ ಇದ್ದರೆ ಪರೀಕ್ಷೆಯ ಕೊಠಡಿಯಲ್ಲಿ ಅದು ಯಾಕೆ ಕೈಕೊಡುತ್ತದೆ ಎಂಬುದು ನನ್ನ ಹಳೆಯ ತಕರಾರು. ಆದರೆ ಹೋದ ತಿಂಗಳು ಭಾಲ್ಕಿಯಿಂದ ಔರಾದಿಗೆ ಹೊರಟ ಬಸ್ಸು ಊರು ದಾಟುವ ಮುಂಚೆ ನಿಂತುಬಿಟ್ಟಿತು. ಮುಂದೆ ಯಾರದೋ ಟೆಂಪೊ ಕೆಟ್ಟಿತ್ತು. ರಸ್ತೆಬದಿಯ ಬೆಸುಗೆ ಅಂಗಡಿಯಿಂದ ಕಾದ ಕಬ್ಬಿಣದ, ಸುಟ್ಟ ಬಣ್ಣದ ವಾಸನೆ ಒಳಗೆ ನುಗ್ಗಿತು. ನನ್ನ ಕಣ್ಣು ತುಂಬಿ ಬರಲಿಲ್ಲ. ಸುಮ್ಮನೆ ಎಣಿಸತೊಡಗಿದೆ. ಒಂದು, ಎರಡು, ಮೂರು. ಆರಕ್ಕೆ ನಿಲ್ಲಿಸಿದೆ.

ಪಕ್ಕದ ಸೀಟಿನ ಹೆಂಗಸು ನನ್ನ ತುಟಿಯನ್ನೇ ನೋಡುತ್ತಿದ್ದರು. "ಏನವಾ, ಏನ್ ಎಣಸ್ಲಾಕತ್ತಿ?"

"ತಂತಿರಿ," ಎಂದೆ. ಅವರು ತಮ್ಮ ಚೀಲವನ್ನು ತುಸು ಅತ್ತ ಸರಿಸಿಕೊಂಡರು.

ಮೂರು ವರ್ಷದ ಹಿಂದಿನ ಮಾತು. ನಮ್ಮ ಮನೆ ಬೀದರಿನ ಚಿದ್ರಿಯಲ್ಲಿ. ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷ. ಮೂರು ತಿಂಗಳು ಎಲ್ಲಾದರೂ ಕೆಲಸ ಕಲಿತು ವರದಿ ಕೊಡಬೇಕಿತ್ತು. ಗೆಳತಿಯರು ಹೈದರಾಬಾದಿನ ದೊಡ್ಡ ದೊಡ್ಡ ಗೇಟುಗಳ ಒಳಗೆ ಹೋದರು. ನಾನು ಭಾಲ್ಕಿಯಲ್ಲಿ ಮೌಶಿಯ, ಅಂದರೆ ಅವ್ವನ ತಂಗಿಯ ಮನೆಯಲ್ಲಿ ಉಳಿದು, ಊರ ಹೊರಗಿನ ಒಂದು ತಗಡಿನ ಷೆಡ್ಡಿಗೆ ಹೋಗತೊಡಗಿದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಕಬ್ಬು ಸಾಗಿಸುವ ಟ್ರಾಲಿಗಳನ್ನು ಅಲ್ಲಿ ಮಾಡುತ್ತಿದ್ದರು. ಮಾಲಕರು ವೈಜಿನಾಥಪ್ಪ. ಒಂದು ಕಾಲಕ್ಕೆ ತಾವೇ ರಾಡು ಹಿಡಿದು ಕಿಟಕಿ ಗೇಟು ಬೆಸೆದವರು, ಈಗ ಹೊಟ್ಟೆ ಬಂದು ಕುರ್ಚಿಗೆ ಏರಿದವರು. ಬೆಸುಗೆಯ ಕೆಲಸವೆಲ್ಲ ಖಾಜಾ ಮಿಸ್ತ್ರಿಯದು. ಐವತ್ತೆಂಟರ ಸಣ್ಣ ಆಳು, ಮಾತು ಇನ್ನೂ ಸಣ್ಣದು. ಇಪ್ಪತ್ತು ವರ್ಷದಿಂದ ಆ ಷೆಡ್ಡಿನಲ್ಲೇ ಇದ್ದರು.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಮಾತಾಡಿದವಳು ನಾನು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎರಡು ಕಡೆಯಿಂದಲೂ ಗೆದ್ದಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹಾಗೆ ಗೆದ್ದವರಿಗೆ ಒಂದು ರೋಗ ಅಂಟುತ್ತದೆ. ಎದುರಿನವರು ಸುಮ್ಮನಾದರೆ ತಾವು ಗೆದ್ದೆವು ಎಂದುಕೊಳ್ಳುತ್ತಾರೆ.

ಆ ವರ್ಷ ಭಾದ್ರಪದದಲ್ಲಿ ಮಳೆ ಕೈ ಎತ್ತಿತ್ತು. ಸೋಯಾ ಹಣ್ಣಾಗಿ ಹಳದಿ ತಿರುಗಿತ್ತು, ಅದಕ್ಕೆ ಬಿಸಿಲು ಒಳ್ಳೆಯದೇ. ಕಬ್ಬಿಗೆ ಮಾತ್ರ ನೀರಡಿಕೆ. ಷೆಡ್ಡಿನ ತಗಡು ಹತ್ತು ಗಂಟೆಗೇ ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಔರಾದಿನ ಒಬ್ಬ ಸಾಗಣೆದಾರರಿಗೆ ಆರು ಟ್ರಾಲಿ ಒಪ್ಪಿಸಬೇಕಿತ್ತು. ಕಬ್ಬು ನುರಿಸುವುದು ಶುರುವಾದ ಮೇಲೆ ಟ್ರಾಲಿ ಬಂದರೆ ಅವರಿಗೆ ಅದು ಮದುವೆ ಮುಗಿದ ಮೇಲೆ ಬಂದ ಬಾಜಾ. ಅದಕ್ಕಾಗಿಯೇ ವೈಜಿನಾಥಪ್ಪ ಒಂದು ಹಳೆಯ ಸಿಓಟು ಗ್ಯಾಸಿನ ಬೆಸುಗೆ ಮಷೀನು ತಂದಿದ್ದರು. ಇದರಲ್ಲಿ ರಾಡು ಬದಲಿಸುವ ಗೋಜಿಲ್ಲ. ರೀಲಿನಲ್ಲಿ ಸುತ್ತಿದ ತಂತಿ ತಾನೇ ಗನ್ನಿನಿಂದ ಹೊರಗೆ ಬರುತ್ತದೆ, ಕರಗುತ್ತದೆ, ಜಾಯಿಂಟಿನಲ್ಲಿ ಕೂರುತ್ತದೆ. ಮಾರಿದವನು "ತಾಸಿಗೆ ನಾಲ್ಕು ಕಿಲೋ ತಂತಿ ಕೂಡಿಸ್ತದರಿ" ಎಂದು ಹೇಳಿ ಹೋಗಿದ್ದ. ಹದಿನೈದು ಕಿಲೋದ ಒಂದು ರೀಲು ಖಾಜಾ ಮಿಸ್ತ್ರಿಯ ಕೈಯಲ್ಲಿ ಎರಡು ದಿನ ಬರುತ್ತಿತ್ತು. ಒಂದು ಟ್ರಾಲಿಗೆ ಎರಡು ರೀಲು, ಅಂದರೆ ನಾಲ್ಕು ದಿನ. ಒಂದು ಟ್ರಾಲಿ ಮುಗಿದಿತ್ತು. ಐದು ಬಾಕಿ, ಹತ್ತೊಂಬತ್ತು ದಿನ ಬಾಕಿ.

"ಲೆಕ್ಕ ಹಾಕವಾ," ಎಂದರು ವೈಜಿನಾಥಪ್ಪ ನನ್ನನ್ನು ಕುರ್ಚಿಯ ಹತ್ತಿರ ಕರೆದು. "ಮಷೀನ್ ಕುಂಟ್ಲಾಕತ್ತದೋ, ಮಿಸ್ತ್ರಿ ಕುಂಟ್ಲಾಕತ್ತಾನೋ, ಕಾಗದದ ಮ್ಯಾಲ ಬರದು ಕೊಡು. ಲಾತೂರಿನ ಒಬ್ಬ ಹುಡುಗ ಬರ್ತೀನಿ ಅಂದಾನ. ಖಾಜಾನ್ನ ಗೇಟು ಗ್ರಿಲ್ಲಿಗಿ ಹಾಕ್ತೀನಿ."

ಗೇಟು ಗ್ರಿಲ್ಲು ಎಂದರೆ ಏನು ಎಂದು ನನಗೆ ಆಗಲೇ ಗೊತ್ತಿತ್ತು. ಆ ಷೆಡ್ಡಿಗೆ ಗೇಟಿನ ಕೆಲಸ ತಿಂಗಳಿಗೊಂದು ಬಂದರೆ ಹೆಚ್ಚು. ಮನೆಗೆ ಹೋಗು ಎಂದು ಬಾಯಿಬಿಟ್ಟು ಹೇಳದೆ ಕಳಿಸುವ ದಾರಿ ಅದು.

ಲೆಕ್ಕ ಕಷ್ಟದ್ದೇನಲ್ಲ. ತಂತಿಯ ದಪ್ಪ ಒಂದು ಪಾಯಿಂಟ್ ಎರಡು ಮಿಲಿಮೀಟರು. ಅದರ ಒಂದು ಮೀಟರಿನ ತುಂಡು ಒಂಬತ್ತು ಗ್ರಾಮಿಗೆ ಕೂದಲೆಳೆಯಷ್ಟು ಕಮ್ಮಿ ತೂಗುತ್ತದೆ. ನಿಮಿಷಕ್ಕೆ ಎಷ್ಟು ಮೀಟರು ಹೊರಬರುತ್ತದೆ ಎಂದು ಗೊತ್ತಾದರೆ ಉಳಿದದ್ದೆಲ್ಲ ಗುಣಾಕಾರ. ಅದನ್ನು ಅಳೆಯುವುದಕ್ಕೂ ಸರಳ ಉಪಾಯವಿದೆ. ಗನ್ನನ್ನು ಕಬ್ಬಿಣಕ್ಕೆ ತಾಗಿಸದೆ ಗಾಳಿಯಲ್ಲಿ ಹಿಡಿದು ಆರು ಸೆಕೆಂಡು ಸ್ವಿಚ್ಚು ಒತ್ತಬೇಕು. ಬಂದ ತಂತಿ ಕತ್ತರಿಸಿ, ಅಳೆದು, ಹತ್ತರಿಂದ ಗುಣಿಸಬೇಕು.

ಕೆಲಸದ ನಡುವೆ ಮಿಸ್ತ್ರಿ ಗನ್ನು ಬಿಡುತ್ತಿರಲಿಲ್ಲ. ಹಾಗಾಗಿ ಷೆಡ್ಡು ಖಾಲಿ ಇರುವ ದಿನ ನೋಡಿಕೊಂಡೆ: ಮರುದಿನದ ಅಮಾವಾಸ್ಯೆ.

"ಅಮಾಸಿ ದಿನ ಮಷೀನ್ ಮುಟ್ಟಬ್ಯಾಡವಾ," ಎಂದಳು ಮೌಶಿ, ಒಲೆಯ ಮುಂದೆ ಹೋಳಿಗೆಯ ಹೂರಣ ರುಬ್ಬುತ್ತಾ.

"ಯಾಕ, ಮಷೀನಿಗಿ ಪಂಚಾಂಗ ಓದ್ಲಾಕ ಬರ್ತದೇನ್?"

"ನಿನಗ ಬರೂದಿಲ್ಲಲ್ಲ, ಅದಕ್ಕ ಹೇಳ್ಲಾಕತ್ತೀನಿ."

ಷೆಡ್ಡಿಗೆ ಹೋದಾಗ ವೈಜಿನಾಥಪ್ಪ ಮಷೀನಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ತೆಂಗಿನಕಾಯಿ ಒಡೆಯುತ್ತಿದ್ದರು. ಪ್ರತಿ ಅಮಾವಾಸ್ಯೆಗೂ ಹಾಗೆಯೇ; ಪೂಜೆ ಆಯಿತೆಂದರೆ ಅವತ್ತು ಕೆಲಸ ಇಲ್ಲ. ನಾನು ಬಂದ ಕಾರಣ ಕೇಳಿ ಹಣೆ ಗಂಟಿಕ್ಕಿದರು. ಆದರೆ ಲೆಕ್ಕ ಕೇಳಿದವರು ಅವರೇ. ಕೀಲಿ ಕೊಟ್ಟು ಹೋದರು. ತಂತಿಯ ವೇಗ ಏರಿಸಿ ಇಳಿಸುವ ನಾಬನ್ನು ಪೂರ್ತಿ ತಿರುಗಿಸಿ ಆರು ಸೆಕೆಂಡು ಒತ್ತಿದೆ. ಎಂಬತ್ತು ಸೆಂಟಿಮೀಟರು. ಮೂರು ಸಲ ಮಾಡಿದೆ, ಮೂರು ಸಲವೂ ಎಂಬತ್ತು. ನಿಮಿಷಕ್ಕೆ ಎಂಟು ಮೀಟರು, ಎಪ್ಪತ್ತೊಂದು ಗ್ರಾಮು; ತಾಸಿಗೆ ನಾಲ್ಕೂಕಾಲು ಕಿಲೋ. ಕಿಡಿಯಾಗಿ ಸಿಡಿದು ಹಾಳಾಗುವುದನ್ನು ಕಳೆದರೆ ಜಾಯಿಂಟಿನಲ್ಲಿ ಕೂರುವುದು ನಾಲ್ಕು ಕಿಲೋ. ಮಾರಿದವನು ಸುಳ್ಳು ಹೇಳಿರಲಿಲ್ಲ.

ಮಿಸ್ತ್ರಿಗೆ ನ್ಯಾಯ ಮಾಡಬೇಕಲ್ಲ ಎಂದು ತಾಸಿನಲ್ಲಿ ಅರ್ಧ ಹೊತ್ತು ಮಾತ್ರ ಗನ್ನು ಉರಿಯುತ್ತದೆ ಎಂದು ಹಿಡಿದೆ. ಊಟ, ಚಹಾ, ನಮಾಜು ಕಳೆದು ದಿನಕ್ಕೆ ಏಳು ತಾಸು. ಹದಿನೈದು ಕಿಲೋ ಬಂತು. ದಿನಕ್ಕೆ ಸರಿಯಾಗಿ ಒಂದು ರೀಲು. ಮಿಸ್ತ್ರಿ ಮುಗಿಸುತ್ತಿದ್ದುದು ಅರ್ಧ.

ಸಾಕ್ಷಿಯೂ ನನ್ನ ಹತ್ತಿರ ಇತ್ತು. ಹಿಂದಿನ ವಾರ ನಾನು ಕಣ್ಣಾರೆ ನೋಡಿದ್ದೆ: ದಿನಾ ಬೆಳಿಗ್ಗೆ ಕೆಲಸ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಖಾಜಾ ಮಿಸ್ತ್ರಿ ಮಷೀನಿನ ಹತ್ತಿರ ಬಂದು ನಾಬನ್ನು ಕೆಳಗೆ ಇಳಿಸುತ್ತಿದ್ದರು. ಅಲ್ಲಿ ಸೀಮೆಸುಣ್ಣದ ಒಂದು ಗೆರೆ ಕೂಡ ಎಳೆದುಕೊಂಡಿದ್ದರು. ಬೇಕೆಂದೇ ನಿಧಾನ ಮಾಡುವುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಎರಡು ಹಾಳೆ ಬರೆದೆ. ಕೊನೆಯ ಸಾಲು ಇನ್ನೂ ನೆನಪಿದೆ: "ಕೊರತೆ ಯಂತ್ರದ್ದಲ್ಲ, ನಡೆಸುವವರದ್ದು." ಆ ಸಾಲು ಬರೆದು ಖುಷಿಪಟ್ಟಿದ್ದೆ.

ಮರುದಿನ ಸಂಜೆ ವೈಜಿನಾಥಪ್ಪ ಅದನ್ನು ಷೆಡ್ಡಿನಲ್ಲಿ ಎಲ್ಲರ ಮುಂದೆ ಜೋರಾಗಿ ಓದಿದರು. ಖಾಜಾ ಮಿಸ್ತ್ರಿ ಕೈಗವಸು ಬಿಚ್ಚುತ್ತಾ ಕೇಳಿಸಿಕೊಂಡರು. ಓದು ಮುಗಿದ ಮೇಲೆ ಮಾಲಕರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು.

"ಹಿಸಾಬ್ ಚಲೋ ಬರದಿ ಬೇಟಿ. ತಂತಿ ಯಾವತ್ತ ಅಳದಿ?"

"ಅಮಾಸಿ ದಿನ, ಚಾಚಾ."

ಸಣ್ಣಗೆ ನಕ್ಕರು. "ಅಮಾಸಿ ದಿನ. ಹಂಗಾದ್ರ ಹೊಲದಾಗ ಹೋಗಿ ಕೇಳು."

"ಹೊಲದಾಗ ಏನ್ ಕೇಳ್ಬೇಕ್ರಿ? ನೀವೇ ಹೇಳ್ರಲ್ಲ."

"ನಾ ಹೇಳಿದ್ರ ಬಹಾನಾ, ನೆವ ಅಂತೀರಿ." ತಮ್ಮ ಕಪ್ಪು ಗಾಜಿನ ಹೆಲ್ಮೆಟ್ಟನ್ನು ಮೊಳೆಯಿಂದ ತೆಗೆದುಕೊಂಡು ಟಿಫಿನ್ ಡಬ್ಬಿಯ ಚೀಲಕ್ಕೆ ಹಾಕಿದರು. "ಮಾಲಕ್ರೆ, ನಾಳಿಂದ ನಾ ಬರೂದಿಲ್ರಿ. ಲಾತೂರದಾಂವನ ಕರಸ್ರಿ."

ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ನಾನು ಗೆದ್ದಿದ್ದೆ, ಆದರೆ ಉತ್ತರ ಸಿಗದ ಒಂದು ಪ್ರಶ್ನೆಯ ಜೊತೆ. ಅಂಥ ಗೆಲುವು ನನಗೆ ಒಗ್ಗುವುದಿಲ್ಲ.

ಬೆಳಿಗ್ಗೆ ಏಳಕ್ಕೇ ಷೆಡ್ಡಿಗೆ ಹೋದೆ. ನಾಬು ಪೂರ್ತಿ, ಆರು ಸೆಕೆಂಡು: ಎಂಬತ್ತು. ನೋಡಿ, ಅಮಾವಾಸ್ಯೆ ಹೋಗಿ ಎರಡು ದಿನವಾದರೂ ಎಂಬತ್ತೇ ಎಂದು ಗೋಡೆಗೆ ಹೇಳಿದೆ. ಎಂಟಕ್ಕೆ ಮತ್ತೆ ಎಂಬತ್ತು. ಒಂಬತ್ತೂವರೆಗೆ ಒತ್ತಿದಾಗ ತಂತಿ ಹೊರಬರುವ ಸದ್ದೇ ಬೇರೆಯಾಗಿ ಕೇಳಿತು, ಎಳೆದೆಳೆದು. ಅರವತ್ತೈದು. ಟೇಪು ತಪ್ಪಾಗಿ ಹಿಡಿದೆನೇನೋ ಎಂದು ಮತ್ತೆ ಒತ್ತಿದೆ. ಅರವತ್ತೈದು. ನಾಬನ್ನು ನಾನು ಮುಟ್ಟಿರಲಿಲ್ಲ.

ಹೊರಗೆ ಬಂದೆ. ಷೆಡ್ಡಿನ ಹಿಂದೆ ಕಬ್ಬಿನ ಹೊಲಗಳು. ಆಳುಗಳು ಬಂದು ನೀರು ತಿರುವುತ್ತಿದ್ದರು. ಒಂದರ ಹಿಂದೆ ಒಂದು ಬಾವಿಯ ಮೋಟಾರುಗಳು ಗುಂಯ್ ಎನ್ನುತ್ತಿದ್ದವು. ತಲೆ ಎತ್ತಿ ನೋಡಿದರೆ, ಆ ಮೋಟಾರುಗಳ ತಂತಿಯೂ ನಮ್ಮ ಷೆಡ್ಡಿನ ತಂತಿಯೂ ಒಂದೇ ಟಿಸಿಯಿಂದ, ಬದುವಿನ ಮೇಲೆ ನಿಂತ ಆ ಒಂದೇ ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಬಂದಿದ್ದವು. ಹದಿನೈದಿಪ್ಪತ್ತು ಮೋಟಾರು ಒಟ್ಟಿಗೆ ಎಳೆದರೆ ನಮ್ಮ ಮಷೀನಿಗೆ ಉಳಿಯುವ ಕರೆಂಟಿನಲ್ಲಿ ಜೀವ ಇರುವುದಿಲ್ಲ. ಅಮಾವಾಸ್ಯೆಯ ದಿನ ಆ ಕಡೆ ಯಾರೂ ಎತ್ತು ಹೂಡುವುದಿಲ್ಲ, ಆಳು ಬರುವುದಿಲ್ಲ, ಮೋಟಾರು ಶುರುವಾಗುವುದಿಲ್ಲ. ತಿಂಗಳಲ್ಲಿ ಕರೆಂಟು ದಿನಪೂರ್ತಿ ತುಂಬಿ ಹರಿಯುವ ಒಂದೇ ಒಂದು ದಿನವನ್ನು ಆರಿಸಿಕೊಂಡು ನಾನು ಅಳತೆ ತೆಗೆದಿದ್ದೆ. ಅಮಾವಾಸ್ಯೆಯನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೆ ಸುತ್ತಲಿನ ಇಡೀ ಬಯಲು ನಂಬಿದರೆ ಅದು ವೋಲ್ಟೇಜಿನಲ್ಲಿ ಕಾಣಿಸುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಪಂಚಾಂಗ ನನಗೇ ಓದಲು ಬರುತ್ತಿರಲಿಲ್ಲ.

ಆಮೇಲೆ ಮಿಸ್ತ್ರಿಯ ಸೀಮೆಸುಣ್ಣದ ಗೆರೆಗೆ ನಾಬನ್ನು ತಂದು ಒತ್ತಿದೆ. ಐವತ್ತು.

ಇನ್ನೊಂದು ತಪ್ಪಿತ್ತು, ಅದನ್ನು ಕರೆಂಟಿನ ಮೇಲೆ ಹಾಕುವಂತಿಲ್ಲ. ತಾಸಿನಲ್ಲಿ ಗನ್ನು ಎಷ್ಟು ಹೊತ್ತು ಉರಿಯುತ್ತದೆ ಎಂದು ಹಿಂದಿನ ವಾರ ಮಿಸ್ತ್ರಿಯ ಪಕ್ಕದಲ್ಲಿ ಕೂತು ಗಡಿಯಾರ ಹಿಡಿದು ಬರೆದುಕೊಂಡಿದ್ದೆ. ಟಿಪ್ಪಣಿಯಲ್ಲಿ ಇದ್ದದ್ದು ಇಪ್ಪತ್ತನಾಲ್ಕು ನಿಮಿಷ. ಉಳಿದ ಹೊತ್ತು ಚಾಸಿ, ಅಂದರೆ ಟ್ರಾಲಿಯ ಅಡಿಚೌಕಟ್ಟು, ತಿರುವಿ ಹಾಕುವುದು, ಪಟ್ಟಿಗಳನ್ನು ಹಿಡಿದು ಚುಕ್ಕೆ ಬೆಸುಗೆಯಿಂದ ಕಚ್ಚಿಸುವುದು, ಗನ್ನಿನ ಮೂತಿಯ ಕಸ ತೆಗೆಯುವುದು. ಮನುಷ್ಯ ಚುರುಕಿದ್ದರೆ ಮೂವತ್ತು ಆಗುತ್ತದೆ ಎಂದು ನಾನೇ ಅದನ್ನು ಮೂವತ್ತು ಮಾಡಿದ್ದೆ. ಟ್ರಾಲಿಯ ಚಾಸಿಯನ್ನು ನಾನು ಒಂದು ಸಲವೂ ತಿರುವಿ ಹಾಕಿರಲಿಲ್ಲ. ಈಗ ಐದು ಮೀಟರು, ಇಪ್ಪತ್ತನಾಲ್ಕು ನಿಮಿಷ, ಏಳು ತಾಸು ಎಂದು ಗುಣಿಸಿದೆ. ದಿನಕ್ಕೆ ಏಳೂವರೆ ಕಿಲೋ. ಎರಡು ದಿನಕ್ಕೆ ಒಂದು ರೀಲು. ಮಿಸ್ತ್ರಿ ಒಂದು ಗ್ರಾಮೂ ಕದ್ದಿರಲಿಲ್ಲ, ಒಂದು ನಿಮಿಷವೂ.

ಹತ್ತಕ್ಕೆ ವೈಜಿನಾಥಪ್ಪ ಬಂದರು. ನನ್ನ ಎರಡು ಹಾಳೆಯ ವಿರುದ್ಧ ನಾನೇ ಎದ್ದು ನಿಂತು ಮಾತಾಡಿದೆ. ಎಂಬತ್ತರ, ಅರವತ್ತೈದರ, ಐವತ್ತರ ಮೂರು ತುಂಡು ತಂತಿಯನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ.

"ನಿನ್ನಿ ಒಂದ್ ಹೇಳ್ತಿ, ಇವತ್ತ ಒಂದ್ ಹೇಳ್ತಿ," ಎಂದರು. "ಇರ್ಲಿ, ಕರೆಂಟ್ ಕಮ್ಮಿ ಆದ್ರ ಅರವತ್ತೈದ್ ಬರ್ತದ. ಖಾಜಾ ಯಾಕ ಮತ್ತ ಐವತ್ತಕ್ಕ ಇಳಸ್ತಾನ? ಅದಕ್ಕೇನ್ ಹೇಳ್ತಿ, ಇಂಜಿನಿಯರ್ ಬಾಯಿ?"

"ನಾ ಹೇಳೂದಿಲ್ರಿ. ನಾಬು ಪೂರಾ ಅದ. ಮೋಟಾರೆಲ್ಲ ಚಾಲೂ ಅವ. ನೀವೇ ಒಂದ್ ಜಾಯಿಂಟ್ ಹೊಡದು ನೋಡ್ರಿ."

ಅಂಗಿಯ ತೋಳು ಮಡಚಿ, ಗನ್ನು ಹಿಡಿದು ಎರಡು ಪಟ್ಟಿ ಬೆಸೆಯತೊಡಗಿದರು. ಗನ್ನು ಅವರ ಕೈಯನ್ನು ಹಿಂದಕ್ಕೆ ನೂಕಿತು. ತಂತಿ ಬರುತ್ತಿತ್ತು, ಕರಗಿಸುವ ಶಕ್ತಿ ಹಿಂದೆ ಇರಲಿಲ್ಲ. ಕರಗದ ತಂತಿ ಕಬ್ಬಿಣಕ್ಕೆ ಗುದ್ದಿ ಚಟಚಟ ಸಿಡಿಯಿತು. ಗೇಣುದ್ದದ ಬೆಸುಗೆ ಕಲಸಿಟ್ಟ ಜೋಳದ ಹಿಟ್ಟಿನ ಹಾಗೆ ಗಂಟು ಗಂಟಾಗಿ ಮೇಲೆ ಕೂತಿತು. ವೈಜಿನಾಥಪ್ಪ ತಮ್ಮ ಹಳೆಯ ಹೆಲ್ಮೆಟ್ಟು ಎತ್ತಿ ಅದನ್ನು ನೋಡಿದರು. ಸುತ್ತಿಗೆ ತೆಗೆದುಕೊಂಡು ಒಂದು ಹೊಡೆದರು. ಎರಡನೆಯ ಏಟಿಗೆ ಪಟ್ಟಿ ಬಿಟ್ಟುಕೊಂಡು ನೆಲಕ್ಕೆ ಬಿತ್ತು.

ನಾಬನ್ನು ಗೆರೆಗೆ ಇಳಿಸಿ ಇನ್ನೊಂದು ಬೆಸೆದರು. ಸದ್ದು ಒಂದೇ ಸಮನಾಯಿತು. ಎಂಟು ಏಟು ಹೊಡೆದರೂ ಬಿಡಲಿಲ್ಲ.

ಬಿಟ್ಟುಬಿದ್ದ ಮೊದಲ ಪಟ್ಟಿಯನ್ನು ನೆಲದಿಂದ ಎತ್ತಿ ತಿರುವಿ ನೋಡಿದರು. ಹತ್ತು ಟನ್ನು ಕಬ್ಬು ಹೇರಿಕೊಂಡ ಟ್ರಾಲಿ, ಔರಾದಿನ ಇಳಿಜಾರು, ಹಿಂದೆ ಬರುವ ಜನ: ಅವರ ಕಣ್ಣ ಮುಂದೆ ಏನೇನು ಬಂತೋ. "ಮಷೀನ್ ಬಂದ ಹೊಸದಾಗೇ ಖಾಜಾ ಒಮ್ಮಿ ಹೇಳಿದ್ದ," ಎಂದರು ಕೊನೆಗೆ. "ಕರೆಂಟ್ ಬೀಳ್ತದ ಮಾಲಕ್ರೆ ಅಂದಿದ್ದ. ಮಷೀನ್ ಕಲೀಲಾಕ ಬ್ಯಾಸರ ಪಟ್ಟು ಅಂತಾನ ಅಂದಕೊಂಡೆ." ಅಲ್ಲೇ ಲಾತೂರಿಗೆ ಫೋನು ಹಚ್ಚಿದರು. "ಬರೂದು ಬ್ಯಾಡಪಾ. ಇಲ್ಲ, ಕೆಲಸ ಅದ. ಮಾಡಾವ ಅದಾನ."

ಮಾಡುವವನು ಇದ್ದಾನೆಯೇ ಎಂಬುದೇ ಈಗ ಪ್ರಶ್ನೆಯಾಗಿತ್ತು. ನಾನೇ ಹೋಗ್ತೀನಿ ಎಂದೆ. ಹಾಳಾದದ್ದು ನನ್ನ ಮಾತಿನಿಂದ.

ಖಾಜಾ ಮಿಸ್ತ್ರಿಯ ಮನೆ ಸ್ಟೇಷನ್ನಿನ ಕಡೆ. ಬಾಗಿಲಲ್ಲಿ ಅವರ ಹೆಂಡತಿ ಸೊಪ್ಪು ಸೋಸುತ್ತಾ ಕೂತಿದ್ದರು. ನನ್ನನ್ನು ನೋಡಿ ಒಳಗೆ ಕೂಗಿದರು, "ಸುನ್ತೇ ಜೀ, ಹಿಸಾಬ್‌ವಾಲಿ ಬಂದಾಳ್ರಿ."

ಮಿಸ್ತ್ರಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ನಾನು ನಿಂತೇ ಹೇಳಿದೆ: ಅಳೆದ ದಿನ ತಪ್ಪು, ಇಪ್ಪತ್ತನಾಲ್ಕನ್ನು ಮೂವತ್ತು ಮಾಡಿದ್ದು ತಪ್ಪು, ಆ ಕೊನೆಯ ಸಾಲು ಎಲ್ಲಕ್ಕಿಂತ ತಪ್ಪು. "ಎಲ್ಲಾರ ಮುಂದ ಓದಿದ್ರಲ್ರಿ, ಎಲ್ಲಾರ ಮುಂದೇ ತಪ್ಪಾಯ್ತು ಅಂತೀನಿ."

"ನಕ್ಕೊ, ಬ್ಯಾಡ ಬೇಟಿ. ಮಾಫಿ ತಗೊಂಡು ನಾ ಏನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?" ಹೆಂಡತಿ ಮುಖ ತಿರುಗಿಸಿ ನಕ್ಕರು. ಮಿಸ್ತ್ರಿ ನಗಲಿಲ್ಲ. "ಇಪ್ಪತ್ತು ವರ್ಷ ಆಯ್ತು. ನನ್ನ ಬೆಸುಗಿ ಒಂದೂ ಬಿಟ್ಟಿಲ್ಲ. ಇನ್ನ ದಿನಾ ಒಬ್ರು ಗಡಿಯಾರ ಹಿಡಕೊಂಡು ಬಾಜೂಕ್ಕ ಕೂಡ್ತೀರೇನ್?"

"ಕೂಡ್ತೇನಿ," ಎಂದೆ. ಸುಳ್ಳು ಹೇಳಿ ಕರೆದೊಯ್ಯುವುದು ನನಗೆ ಬೇಕಿರಲಿಲ್ಲ. "ಆದ್ರ ನಿಮ್ಮ ಮ್ಯಾಲ ಅಲ್ಲ, ಕರೆಂಟಿನ ಮ್ಯಾಲ. ಒಂಬತ್ತರ ಮಟ ಮೋಟಾರು ಚಾಲೂ ಆಗೂದಿಲ್ಲ, ಎಂಟು ಮೀಟರು ಸಿಗ್ತದ. ಆರಕ್ಕ ಶುರು ಮಾಡಿದ್ರ ಮೂರು ತಾಸು ಪೂರಾ ಕರೆಂಟು, ಆಮ್ಯಾಲ ನಿಮ್ಮ ಗೆರಿ ಪ್ರಕಾರ ನಾಕು ತಾಸು. ದಿನಕ್ಕ ಒಂಬತ್ತು ಕಿಲೋ ಮ್ಯಾಲ ಆಗ್ತದ. ಹದಿನಾರು ದಿನದಾಗ ಐದು ಟ್ರಾಲಿ. ಔರಾದದವರು ಕೊಟ್ಟ ದಿನದಾಗ ಉಳದದ್ದೂ ಹದಿನಾರೇ."

ಸುಟ್ಟ ಕಲೆಗಳ ಬೆರಳು ಮಡಚಿ ತಾಸು ಎಣಿಸಿದರು. "ಆರಕ್ಕ ಬಂದ್ರ ಎರಡಕ್ಕ ಹೋಗಾವ ನಾ. ಮಾಲಕ್ರಿಗಿ ಒಪ್ಪಿಗಿ ಅದೇನ್?"

"ಒಪ್ಪಸ್ತೇನಿ."

"ನೀ ಒಪ್ಪಸ್ತಿ. ಅದಂತೂ ಗೊತ್ತದ." ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಸಂಜೆ ವೈಜಿನಾಥಪ್ಪ ಆರರಿಂದ ಎರಡರ ಹೊತ್ತಿಗೆ ಒಪ್ಪಿ, ಷೆಡ್ಡಿನ ಕೀಲಿಯನ್ನು ಅವರ ಮನೆಗೆ ಕಳಿಸಿದರು.

ಟ್ರಾಲಿಗಳ ಗತಿ ಏನಾಯಿತು ಎಂದು ಕೇಳುವವರಿಗೆ: ಬಾಕಿ ಐದರಲ್ಲಿ ನಾಲ್ಕು ಟ್ರಾಲಿ ಹೊತ್ತಿಗೆ ಸರಿಯಾಗಿ ಔರಾದ ಮುಟ್ಟಿದವು, ಕೊನೆಯದು ಎರಡು ದಿನ ತಡವಾಯಿತು. ಎರಡು ದಿನ ಕರೆಂಟೇ ಇರಲಿಲ್ಲ, ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಆದರೆ ನನಗೆ ಆ ಋತುವಿನಿಂದ ಉಳಿದಿರುವುದು ಅದಲ್ಲ, ಮಾರನೆಯ ದಿನದ ಬೆಳಗು.

ಆರಕ್ಕೆ ಐದು ನಿಮಿಷ ಇರುವಾಗ ಷೆಡ್ಡಿನ ಹತ್ತಿರ ಬಂದೆ. ಕಬ್ಬಿನ ಗರಿಗಳ ಮೇಲೆ ಇಬ್ಬನಿ, ಮೋಟಾರುಗಳು ಮಲಗಿದ್ದವು. ಷಟರು ಅರ್ಧ ಎತ್ತಿತ್ತು. ಒಳಗಿನಿಂದ ಒಂದೇ ಸಮನಾದ ಸದ್ದು ಬರುತ್ತಿತ್ತು, ಕಾದ ಎಣ್ಣೆಗೆ ಬಜ್ಜಿ ಬಿಟ್ಟ ಹಾಗೆ. ಬಗ್ಗಿ ಒಳಗೆ ಹೋದೆ. ಖಾಜಾ ಮಿಸ್ತ್ರಿ ಎರಡನೆಯ ಟ್ರಾಲಿಯ ಚಾಸಿಯ ಮೇಲೆ ಬಾಗಿದ್ದರು. ನೀಲಿ ಬೆಳಕು ತಗಡಿನ ಮೇಲೆಲ್ಲ ಕುಣಿಯುತ್ತಿತ್ತು. ಜಾಯಿಂಟು ಮುಗಿಸಿ ಹೆಲ್ಮೆಟ್ಟು ಎತ್ತಿದರು.  ಅವರೇ ಗನ್ನನ್ನು ಗಾಳಿಯಲ್ಲಿ ಹಿಡಿದು, "ಎಣಸು," ಎಂದರು.

ಎಣಿಸಿದೆ. ಆರಕ್ಕೆ ಬಿಟ್ಟರು. ತಂತಿ ಕತ್ತರಿಸಿ ಟೇಪು ಹಿಡಿದೆ.

"ಎಂಬತ್ತೊಂದು, ಚಾಚಾ."

"ಒಂದು ಹೆಚ್ಚಿಗಿ ಬಂತಲ್ಲ," ಎಂದು ಹೆಲ್ಮೆಟ್ಟನ್ನು ಮತ್ತೆ ಮುಖದ ಮೇಲೆ ಇಳಿಸಿಕೊಂಡರು. "ಅದು ನನ್ನ ಹೆಸರಿಗಿ ಬರಿ."